ಅಪ್ಪ, ಬಾಯ್ಲರು ಮತ್ತು ಒಂದು ಉದ್ದದ ಹಡಗು

ಹೋದ ವಾರ ಮನೆ ಬದಲಾಯಿಸಿದೆವು. ಸಾಮಾನೆಲ್ಲ ಟೆಂಪೋದಲ್ಲಿ ಬಂದು, ಹಾಲು ಉಕ್ಕಿಸಿ, ರಾತ್ರಿ ಊಟಕ್ಕೆ ಕೂತಾಗ ಜ್ಞಾಪಕ ಬಂತು, ಹಳೇ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಹಿತ್ತಾಳೆ ಕೊಕ್ಕೆ ಬಿಟ್ಟುಬಂದಿದ್ದೀನಿ ಅಂತ. ಸ್ಕ್ರೂ ಡ್ರೈವರ್ ಜೇಬಿಗೆ ಹಾಕಿಕೊಂಡು ವಾಪಸ್ ಹೋದೆ. ಓನರ್ ಆಂಟಿ ಬಾಗಿಲು ತೆಗೆದು, "ಒಂದು ಕೊಕ್ಕೆಗೋಸ್ಕರ ಪೆಟ್ರೋಲ್ ಸುಟ್ಕೊಂಡು ಬಂದ್ರಾ?" ಅಂತ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡೋದು!

ಆ ಕೊಕ್ಕೆಗೆ ನಾನು 2008ರಲ್ಲಿ ಕೊಟ್ಟಿದ್ದು ನಲವತ್ತು ರೂಪಾಯಿ. ಮಾರಿದವನ ಮಾತು ನಂಬುವುದಾದರೆ ಅದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಡಗು ಅನ್ನಿಸಿಕೊಂಡಿದ್ದರ ಕ್ಯಾಬಿನ್ ಒಂದರದು. ನಂಬದಿದ್ದರೆ ಯಾವುದೋ ಸರಕು ಹಡಗಿನ ಕಕ್ಕಸು ಮನೆಯದು. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ. ಆದರೆ ಆ ಹಡಗಿನ ಕತೆ, ಜೊತೆಗೆ ನಮ್ಮಪ್ಪನದು, ಎರಡನ್ನೂ ಒಟ್ಟಿಗೆ ಬರೆಯಬೇಕು ಅಂತ ಬಹಳ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಸ್ವಲ್ಪ ಉದ್ದ ಆಗುತ್ತೆ. ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಹಡಗಿನ ಹೆಸರು ಫ್ರಾನ್ಸ್. ಆಮೇಲೆ ನಾರ್ವೆ. ಕೊನೆಗೆ ಬ್ಲೂ ಲೇಡಿ. ಹುಟ್ಟಿದ್ದು ಫ್ರಾನ್ಸಿನ ಸೇಂಟ್ ನಝೇರ್ ಹಡಗುಕಟ್ಟೆಯಲ್ಲಿ. 1957ರಲ್ಲಿ ತಳದ ಕೆಲಸ ಶುರು, 1960ರ ಮೇ 11ರಂದು ಅಧ್ಯಕ್ಷ ದ ಗಾಲ್ ಅವರ ಹೆಂಡತಿ ಇವಾನ್ ದ ಗಾಲ್ ಕೈಯಲ್ಲಿ ನೀರಿಗೆ ಇಳಿಸಿದ್ದು, 1962ರ ಫೆಬ್ರವರಿ 3ರಂದು ಲ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಮೊದಲ ಪ್ರಯಾಣ. ಉದ್ದ 316 ಮೀಟರ್. ಅಂದರೆ ನೂರು ಮೀಟರ್ ಓಟ ಮೂರು ಸಲ ಓಡಿ, ಇನ್ನೂ ಹದಿನಾರು ಮೀಟರ್ ಸುಧಾರಿಸಿಕೊಳ್ಳುತ್ತಾ ನಡೆಯಬಹುದು. 66,343 ಟನ್ನೇಜು. (ಇದು ತೂಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. ನಾನೂ ಮೊದಲು ತೂಕ ಅಂತಲೇ ತಿಳಿದಿದ್ದೆ.) ಎಂಟು ಬಾಯ್ಲರು, ಎರಡು ಎಂಜಿನ್ ರೂಮು, ನಾಲ್ಕು ಪ್ರೊಪೆಲರು, 1,60,000 ಅಶ್ವಶಕ್ತಿ. ಪರೀಕ್ಷಾ ಓಟದಲ್ಲಿ 35 ನಾಟ್ ದಾಟಿತ್ತು, ಅಂದರೆ ಗಂಟೆಗೆ 65 ಕಿಲೋಮೀಟರ್. ನಮ್ಮೂರಿನ ಕೆಂಪು ಬಸ್ಸು ಆ ಕಾಲದಲ್ಲಿ ಅಷ್ಟು ಓಡ್ತಿತ್ತೋ ಇಲ್ಲವೋ.

ಕಟ್ಟಿದವರು ತಲೆ ಓಡಿಸಿದ್ದರು ಅನ್ನುವುದು ಚಿಮಣಿ ನೋಡಿದರೆ ಗೊತ್ತಾಗುತ್ತೆ. ಹಡಗಿನ ಚಿಮಣಿಯ ಮಸಿ ಹಿಂದಿನ ಡೆಕ್ ಮೇಲೆ ಬಿಸಿಲು ಕಾಯಿಸುತ್ತಾ ಕೂತವರ ಬಟ್ಟೆಗೆ ಬೀಳುವುದು ಹಳೇ ರೋಗ. ಫ್ರಾನ್ಸಿನ ಎರಡೂ ಚಿಮಣಿಗಳ ತುದಿಗೆ ಎಡಕ್ಕೂ ಬಲಕ್ಕೂ ರೆಕ್ಕೆ ಇತ್ತು. ಹೊಗೆ ಆ ರೆಕ್ಕೆಗಳ ತುದಿಯಿಂದ ಆಚೆ ಬಂದು ಗಾಳಿಗೆ ಪಕ್ಕಕ್ಕೆ ಹೋಗಬೇಕು. ದೂರದಿಂದ ನೋಡಿದರೆ ಎರಡು ದೊಡ್ಡ ಹಕ್ಕಿ ಹಡಗಿನ ಮೇಲೆ ಕೂತ ಹಾಗೆ. ಒಡಲಿಗೆ ರಿವೆಟ್ ಬದಲು ವೆಲ್ಡಿಂಗು. ಮೇಲಿನ ಅಂತಸ್ತುಗಳಿಗೆ ತೂಕ ಕಮ್ಮಿ ಅಂತ ಅಲ್ಯೂಮಿನಿಯಂ. ಬೆಂಕಿಗೆ ಹೆದರಿ ಮರವನ್ನೇ ಆದಷ್ಟೂ ದೂರ ಇಟ್ಟಿದ್ದರು. ಅದೇ ಕಂಪನಿಯ ಹಿಂದಿನ ದೊಡ್ಡ ಹಡಗು ನಾರ್ಮಂಡಿ 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲೇ ಬೆಂಕಿ ಬಿದ್ದು ಮಗುಚಿ ಹೋಗಿತ್ತು, ಆ ಭಯ ಸಹಜ. ಮರ ಬೇಡ ಅಂದಮೇಲೆ ಗೋಡೆಗೆ, ಚಾವಣಿಗೆ ಏನು ಹಾಕೋದು? ಆ ಕಾಲಕ್ಕೆ ಇದ್ದ ಉತ್ತರ ಒಂದೇ, ಆಸ್ಬೆಸ್ಟಾಸ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಫಸ್ಟ್ ಕ್ಲಾಸಿನವರ ಊಟದ ಮನೆ ದುಂಡಗೆ, ಮೇಲೆ ಗುಮ್ಮಟ. ಮೆಟ್ಟಿಲಿಳಿದೇ ಒಳಗೆ ಬರಬೇಕು, ಉಟ್ಟ ಸೀರೆ ಎಲ್ಲರಿಗೂ ಕಾಣಲಿ ಅಂತ. ಸೀರೆ ಅಲ್ಲ, ಗೌನು, ಇರಲಿ :-) ಸಾಕು ನಾಯಿಗಳಿಗೆ ಬೇರೆ ಮನೆ. ಅಲ್ಲಿ ಅಮೆರಿಕದ ನಾಯಿಗಳಿಗೆ ನ್ಯೂಯಾರ್ಕ್ ಬೀದಿಯ ಬೆಂಕಿ ನಲ್ಲಿ, ಫ್ರೆಂಚ್ ನಾಯಿಗಳಿಗೆ ಮೈಲಿಗಲ್ಲು ನಿಲ್ಲಿಸಿದ್ದರಂತೆ, ಅವವುಗಳ ಅಭ್ಯಾಸ ತಪ್ಪಬಾರದು ಅಂತ. 1962ರ ಡಿಸೆಂಬರಿನಲ್ಲಿ ಮೋನಾಲಿಸಾ ಚಿತ್ರ ಅಮೆರಿಕಕ್ಕೆ ಹೋಗಿದ್ದೂ ಇದೇ ಹಡಗಿನಲ್ಲಿ.

ಆದರೆ ಪಾಪ, ಈ ಹಡಗು ಹುಟ್ಟುವ ಮೊದಲೇ ಸೋತಿತ್ತು. ತಳದ ಕೆಲಸ 1957ರಲ್ಲಿ ಶುರುವಾಯಿತು ಅಂದೆನಲ್ಲ, 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳು ಹಾರಲು ಶುರುಮಾಡಿದವು. ಹಡಗಿನಲ್ಲಿ ಐದು ದಿನ, ವಿಮಾನದಲ್ಲಿ ಏಳೆಂಟು ಗಂಟೆ. ಯಾರು ಹಡಗು ಹತ್ತುತ್ತಾರೆ? ಸರ್ಕಾರ ವರ್ಷ ವರ್ಷ ದುಡ್ಡು ಸುರಿದು ಓಡಿಸಿತು. ದೇಶದ ಹೆಸರು ಹೊತ್ತ ಹಡಗು, ನಿಲ್ಲಿಸಲು ಮನಸ್ಸು ಬರಲಿಲ್ಲ. 1973ರಲ್ಲಿ ತೈಲದ ಬೆಲೆ ಏರಿತು, 1974ರಲ್ಲಿ ಸಹಾಯಧನ ನಿಂತಿತು. ಆ ಸೆಪ್ಟೆಂಬರಿನಲ್ಲಿ ಸಿಬ್ಬಂದಿ ಹಡಗನ್ನು ತಾವೇ ವಶಕ್ಕೆ ತೆಗೆದುಕೊಂಡು ಲ ಹಾವ್ರ್ ಬಂದರಿನ ದಾರಿಗೆ ಅಡ್ಡ ನಿಲ್ಲಿಸಿದರು. ಪ್ರಯಾಣಿಕರನ್ನು ಬೇರೆ ದೋಣಿಯಲ್ಲಿ ದಡಕ್ಕೆ ಕಳಿಸಿ, ಸುಮಾರು ಒಂದು ತಿಂಗಳು ಹಡಗಿನಲ್ಲೇ ಕೂತರು. ಕೆಲಸ ಉಳಿಯಲಿಲ್ಲ. ಹಡಗನ್ನು ಬಂದರಿನ ಮೂಲೆಯಲ್ಲಿ ಕಟ್ಟಿಹಾಕಿದರು. ಆ ಕಟ್ಟೆಗೆ ಊರಿನವರು ಇಟ್ಟ ಹೆಸರು ಮರೆವಿನ ಕಟ್ಟೆ. ನಾಲ್ಕು ವರ್ಷಕ್ಕೂ ಹೆಚ್ಚು ಅಲ್ಲೇ ನಿಂತಿತ್ತು.

ಇಲ್ಲಿ ನಮ್ಮಪ್ಪ ಬರಬೇಕು.

ಅಪ್ಪ ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದವರು. ಸೆಕೆಂಡ್ ಕ್ಲಾಸ್ ಸರ್ಟಿಫಿಕೇಟ್. ಅದನ್ನು ಫ್ರೇಮ್ ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲೇ ನೇತುಹಾಕಿದ್ದರು. ಕಬ್ಬು ಅರೆಯುವ ಸೀಸನ್ನಿನಲ್ಲಿ ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವಾಗ ತಲೆ, ಹುಬ್ಬು ಎಲ್ಲ ಕಬ್ಬಿನ ಸಿಪ್ಪೆಯ ಬೂದಿ. ನಾನು ಮೆಕ್ಯಾನಿಕಲ್ ಓದಿದ್ದು ಅವರ ಆಸೆಗೆ. 2005ರಲ್ಲಿ ಕೆಲಸದ ಮೇಲೆ ವಡೋದರಕ್ಕೆ ಹೋದೆ. ಅಲ್ಲಿನ ಪೇಪರಿನಲ್ಲಿ ಈ ಹಡಗಿನ ಸುದ್ದಿ ದಿನಾ ಬರುತ್ತಿತ್ತು. ವಾರಕ್ಕೊಂದು ಸಲ ಫೋನ್ ಮಾಡಿದಾಗ ಅಪ್ಪನ ಜೊತೆ ಮಾತಾಡಲು ನನಗೆ ವಿಷಯವೇ ಇರುತ್ತಿರಲಿಲ್ಲ. ಊಟ ಆಯ್ತಾ, ಮಳೆ ಬಂತಾ, ಅಷ್ಟೇ. ಹಡಗಿನ ಬಾಯ್ಲರಿನ ಮಾತು ತೆಗೆದ ಮೇಲೆ ಮಾತ್ರ ಅವರು ಫೋನ್ ಇಡುತ್ತಲೇ ಇರಲಿಲ್ಲ. ಹಾಗಾಗಿ ನಾನು ಹುಡುಕಿ ಹುಡುಕಿ ಓದಲು ಶುರುಮಾಡಿದೆ. ಈ ಹಡಗಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅಪ್ಪನಿಗೆ ಹೇಳಲು ಓದಿದ್ದು.

ಅವರಿಗೆ ಭಾರೀ ಇಷ್ಟವಾದದ್ದು 1979ರ ಕತೆ. ನಡುವೆ 1977ರಲ್ಲಿ ಒಬ್ಬ ಸೌದಿ ಶ್ರೀಮಂತರು ಕೊಂಡು, ಏನೂ ಮಾಡದೆ ಬಿಟ್ಟಿದ್ದರು. 1979ರಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ 1.8 ಕೋಟಿ ಡಾಲರಿಗೆ ಕೊಂಡು, ಜರ್ಮನಿಯ ಬ್ರೆಮರ್‌ಹಾವನ್‌ಗೆ ಎಳೆಸಿಕೊಂಡು ಹೋಗಿ, ಅಟ್ಲಾಂಟಿಕ್ ದಾಟುವ ಓಟದ ಹಡಗನ್ನು ಕೆರಿಬಿಯನ್ ದ್ವೀಪಗಳಲ್ಲಿ ನಿಧಾನಕ್ಕೆ ಸುತ್ತುವ ವಿಹಾರದ ಹಡಗು ಮಾಡಿದರು. ವೇಗ ಬೇಡವಲ್ಲ, ಹಾಗಾಗಿ ಮುಂದಿನ ಎಂಜಿನ್ ರೂಮನ್ನೇ ಮುಚ್ಚಿದರು. ಎಂಟು ಬಾಯ್ಲರಲ್ಲಿ ನಾಲ್ಕು ನಿಂತವು, ನಾಲ್ಕು ಪ್ರೊಪೆಲರಲ್ಲಿ ಎರಡನ್ನು ಕಿತ್ತರು. ತೈಲದ ಖರ್ಚು ಇಳಿಯಿತು. ಹೆಸರು ನಾರ್ವೆ.

"ಅಂಗಾರೆ ಉಳಿದ ನಾಕರ ಮ್ಯಾಲೆ ಎಷ್ಟು ಲೋಡು?" ಅಂತ ಅಪ್ಪ ಕೇಳಿದ್ದರು. ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆ ನಾನು ಕೇಳಿಕೊಂಡೇ ಇರಲಿಲ್ಲ. ನಾನು ಎಂಜಿನಿಯರು, ನೆನಪಿರಲಿ.

1980ರಿಂದ ಮಯಾಮಿಯಲ್ಲಿ ನಾರ್ವೆ ಅಂದರೆ ನಾರ್ವೆ. ಆಗ ಅದರಷ್ಟು ದೊಡ್ಡ ವಿಹಾರ ಹಡಗು ಇನ್ನೊಂದಿರಲಿಲ್ಲ. ಸಣ್ಣ ದ್ವೀಪಗಳ ಕಟ್ಟೆಗೆ ಹೋಗಿ ನಿಲ್ಲಲು ಆಗುತ್ತಿರಲಿಲ್ಲ, ತಳ ಅಷ್ಟು ಆಳ. ಅದಕ್ಕೆ ಮುಂದಿನ ಡೆಕ್ಕಿನ ಮೇಲೆ ಎರಡು ದೊಡ್ಡ ದೋಣಿಗಳನ್ನು ಹೊತ್ತುಕೊಂಡೇ ತಿರುಗುತ್ತಿತ್ತು. ಸಮುದ್ರದಲ್ಲಿ ನಿಂತು, ದೋಣಿ ಇಳಿಸಿ, ನೂರಾರು ಜನರನ್ನು ಒಟ್ಟಿಗೆ ದಡ ಮುಟ್ಟಿಸುವುದು. ಇವತ್ತು ನಾವು ಕ್ರೂಸ್ ಹಡಗು ಅಂದರೆ ಏನು ಕಲ್ಪಿಸಿಕೊಳ್ಳುತ್ತೇವೋ, ದೊಡ್ಡ ನಾಟಕಶಾಲೆ, ಅಂಗಡಿ ಬೀದಿ, ಹಡಗೇ ಒಂದು ಊರು, ಅದನ್ನು ಮೊದಲು ಇಷ್ಟು ದೊಡ್ಡದಾಗಿ ಮಾಡಿ ತೋರಿಸಿದ್ದು ಈ ಹಡಗು. ಉಳಿದ ಕಂಪನಿಗಳು ನೋಡಿ ಕಲಿತವು. 1988ರಲ್ಲಿ ಅದೇ ಸೇಂಟ್ ನಝೇರಿನಲ್ಲಿ ಕಟ್ಟಿದ ಇನ್ನೊಂದು ಹಡಗು ಟನ್ನೇಜಿನಲ್ಲಿ ಇದನ್ನು ಹಿಂದೆ ಹಾಕಿತು. 1990ರಲ್ಲಿ ನಾರ್ವೆಯ ತಲೆ ಮೇಲೆ ಇನ್ನೆರಡು ಅಂತಸ್ತು ಕಟ್ಟಿ 76,049 ಟನ್ನೇಜು ಮಾಡಿದರು. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಾಣಲ್ಲ. ಮೊದಲಿನ ಫೋಟೋಗಳಲ್ಲಿ ಒಂದೇ ಗೆರೆಯಲ್ಲಿ ಎಳೆದ ಹಾಗಿದ್ದ ಹಡಗು, ಆಮೇಲಿನ ಫೋಟೋಗಳಲ್ಲಿ ಬೆಂಗಳೂರಿನಲ್ಲಿ ಹಳೇ ಮನೆ ಮೇಲೆ ಬಾಡಿಗೆಗೆ ಎರಡು ಫ್ಲೋರ್ ಎಬ್ಬಿಸಿದ ಹಾಗೆ.

2003ರ ಮೇ 25. ಬೆಳಿಗ್ಗೆ ನಾರ್ವೆ ಮಯಾಮಿ ಬಂದರಿಗೆ ಬಂದು ನಿಂತಿತ್ತು. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಇನ್ನೂ ಹಡಗಿನಲ್ಲೇ ಇದ್ದರು. ಆರೂವರೆ ದಾಟಿದ ಮೇಲೆ ಕೆಳಗಿನ ಬಾಯ್ಲರ್ ಒಂದು ಒಡೆಯಿತು. ಎಂಟು ಜನ ಸಿಬ್ಬಂದಿ ಸತ್ತರು, ಹೆಚ್ಚಿನವರು ಫಿಲಿಪೀನ್ಸಿನವರು. ಕೆಲವರು ಅಲ್ಲೇ, ಕೆಲವರು ಸುಟ್ಟಗಾಯದಿಂದ ಆಮೇಲೆ. ಇನ್ನೂ ಹದಿನೇಳು ಮಂದಿಗೆ ಗಾಯ. ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ.

ಬಾಯ್ಲರ್ ಒಡೆಯುವುದು ಅಂದರೆ ಏನು ಅಂತ ಅಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿದ್ದರು. ಒತ್ತಡದಲ್ಲಿರುವ ನೀರು ಇನ್ನೂರು ಡಿಗ್ರಿ ದಾಟಿದರೂ ಕುದಿಯದೆ ನೀರಾಗಿಯೇ ಇರುತ್ತದೆ. ಎಲ್ಲೋ ಒಂದು ಕಡೆ ಲೋಹ ಬಿರುಕು ಬಿಟ್ಟರೆ ಒತ್ತಡ ತಟ್ಟನೆ ಇಳಿಯುತ್ತೆ, ಆಗ ಆ ನೀರಿನಲ್ಲಿ ಒಂದು ಪಾಲು ಒಂದೇ ಏಟಿಗೆ ಆವಿ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿನಷ್ಟು ಜಾಗ ಬೇಕು. ಆ ಜಾಗದಲ್ಲಿ ಮನುಷ್ಯರು ಇರುತ್ತಾರೆ. ಅವರ ಕಾರ್ಖಾನೆಯಲ್ಲಿ ಒಂದು ಸಲ ಟ್ಯೂಬ್ ಒಡೆದಿತ್ತು. ಬಾಯ್ಲರೇ ಅಲ್ಲ, ಒಂದು ಟ್ಯೂಬು ಅಷ್ಟೇ. ಅಪ್ಪನ ಜೊತೆ ಪಾಳಿಯಲ್ಲಿದ್ದವರೊಬ್ಬರು ಆಮೇಲೆ ಎಡಗೈ ಮಡಿಸಲಾರದೆ ಗೇಟಿನಲ್ಲಿ ಕೂತು ಕೆಲಸ ಮುಗಿಸಿದರು. ನಮ್ಮ ಮನೆಗೆ ಬಂದರೆ ಅಮ್ಮ ಅವರಿಗೆ ಲೋಟ ಬಲಗೈಗೇ ಕೊಡುತ್ತಿದ್ದರು.

2007ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಬಂತು. ಬಾಯ್ಲರನ್ನು ನಡೆಸಿದ ರೀತಿ, ನೋಡಿಕೊಂಡ ರೀತಿ, ತಪಾಸಣೆ ಮಾಡಿದ ರೀತಿ, ಮೂರೂ ಸರಿಯಿರಲಿಲ್ಲ, ಲೋಹ ಹಳಸಿ ಬಿರುಕುಗಳು ಬೆಳೆಯಲು ಬಿಟ್ಟಿದ್ದರು ಎಂದು ಅದರ ತೀರ್ಮಾನ. 2008ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿತು. ನಾನು ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಅವರು ಸುಮ್ಮನೆ ಕೇಳಿ, "ದಿನಾ ಹಚ್ಚೋದು ಆರ್ಸೋದು ಮಾಡುದ್ರೆ ಬಾಯ್ಲರು ಎಂಗ್ಲಾ ತಡ್ಕತದೆ?" ಅಂದರು. ಆಮೇಲೆ ಯೋಚನೆ ಮಾಡಿದೆ. ಅಟ್ಲಾಂಟಿಕ್ ದಾಟಲು ಕಟ್ಟಿದ ಬಾಯ್ಲರು ಒಂದು ಸಲ ಹಚ್ಚಿದರೆ ಐದು ದಿನ ಒಂದೇ ಸಮ ಉರಿಯಬೇಕು. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಇವತ್ತು ಬಿಸಿ, ನಾಳೆ ತಣ್ಣಗೆ, ನಾಡಿದ್ದು ಮತ್ತೆ ಬಿಸಿ. ಪ್ರತಿ ಸಲವೂ ಲೋಹ ಹಿಗ್ಗಬೇಕು, ಕುಗ್ಗಬೇಕು. ವರದಿಯಲ್ಲಿ ಅದೂ ಒಂದು ಅಂಶ. ಅಪ್ಪನಿಗೆ ವರದಿ ಓದಲು ಬರುತ್ತಿರಲಿಲ್ಲ.

ನಾರ್ವೆ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲಿಲ್ಲ. ಬ್ರೆಮರ್‌ಹಾವನ್‌ಗೆ ಎಳೆದರು, ಅಲ್ಲಿ ಎರಡು ವರ್ಷ. 2005ರಲ್ಲಿ ಮಲೇಷ್ಯಾಕ್ಕೆ ಎಳೆದರು. ಗುಜರಿಗೆ ಮಾರಾಟವಾಯಿತು, ಬ್ಲೂ ಲೇಡಿ ಅಂತ ಹೆಸರಾಯಿತು. ಬಾಂಗ್ಲಾದೇಶ ಆಸ್ಬೆಸ್ಟಾಸ್ ಇದೆ, ಬೇಡ ಅಂದಿತು. ಅದೇ ಸಮಯಕ್ಕೆ, 2006ರ ಫೆಬ್ರವರಿಯಲ್ಲಿ, ಕ್ಲೆಮೆನ್ಸೊ ಎಂಬ ಫ್ರೆಂಚ್ ಯುದ್ಧನೌಕೆ ಒಡೆಸಿಕೊಳ್ಳಲು ಭಾರತದ ಕಡೆ ಬರುತ್ತಿತ್ತು. ಭಾರೀ ಗಲಾಟೆಯಾಗಿ ಅಧ್ಯಕ್ಷ ಶಿರಾಕ್ ಅದನ್ನು ವಾಪಸ್ ಕರೆಸಿಕೊಂಡರು. (ತಮಾಷೆ ನೋಡಿ, 1974ರಲ್ಲಿ ಫ್ರಾನ್ಸ್ ಹಡಗನ್ನು ನಿಲ್ಲಿಸಿದಾಗ ಪ್ರಧಾನಿಯಾಗಿದ್ದವರೂ ಇದೇ ಶಿರಾಕ್.) ಬ್ಲೂ ಲೇಡಿಯನ್ನು ಕರೆಸಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಕಾಗದದ ಮೇಲೆ ಅದು ಫ್ರಾನ್ಸಿನದೂ ಅಲ್ಲ, ನಾರ್ವೆಯದೂ ಅಲ್ಲ.

ಮಳೆಗಾಲ ಬಂತು, ಎಂಜಿನ್ ಸತ್ತ ಹಡಗು ಸಮುದ್ರದಲ್ಲಿ ಇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಮಾನವೀಯತೆಯ ಮೇಲೆ ಒಳಗೆ ಬಿಟ್ಟಿತು. 2006ರ ಆಗಸ್ಟ್ 15ರಂದು ಅಲಂಗಿನ ದಡಕ್ಕೆ ಹತ್ತಿಸಿದರು. ಅಲಂಗ್ ಗುಜರಾತಿನ ಭಾವನಗರದಿಂದ ಐವತ್ತು ಕಿಲೋಮೀಟರ್. ಅಲ್ಲಿ ಸಮುದ್ರದ ಉಬ್ಬರ ಇಳಿತದ ಅಂತರ ಹತ್ತು ಮೀಟರಿನಷ್ಟು. ಉಬ್ಬರದಲ್ಲಿ ಹಡಗನ್ನು ದಡಕ್ಕೆ ಹತ್ತಿಸಿ, ನೀರು ಇಳಿದ ಮೇಲೆ ಕೆಸರಿನಲ್ಲಿ ನಡೆದುಕೊಂಡು ಹೋಗಿ ಗ್ಯಾಸ್ ಕಟರಿನಲ್ಲಿ ಕುಯ್ಯುವುದು. 1983ರಿಂದ ಇದೇ ಕಸುಬು. ಕುಯ್ಯುವವರು ಒಡಿಶಾ, ಬಿಹಾರ, ಉತ್ತರ ಪ್ರದೇಶದಿಂದ ಬಂದವರು.

ಒಂದು ವರ್ಷ ಕೇಸು ನಡೆಯಿತು. ಸುತ್ತಲಿನ ಹಳ್ಳಿಗಳವರ ಪರವಾಗಿ ಅಲ್ಲಿನ ಸರಪಂಚರೊಬ್ಬರೂ ಅರ್ಜಿ ಹಾಕಿದ್ದರು. ಹಡಗಿನಲ್ಲಿ ಸಾವಿರದ ಇನ್ನೂರು ಟನ್ನಿನ ಮೇಲೆ ಆಸ್ಬೆಸ್ಟಾಸ್ ಇದೆ, ಹೊಗೆ ಪತ್ತೆ ಮಾಡುವ ಉಪಕರಣಗಳಲ್ಲಿ ವಿಕಿರಣ ವಸ್ತು ಇದೆ ಅಂತ ವಾದ. 2007ರ ಸೆಪ್ಟೆಂಬರ್ 11ರಂದು ಒಡೆಯಲು ಅನುಮತಿ ಸಿಕ್ಕಿತು. ಆದೇಶದಲ್ಲಿ 41,000 ಟನ್ ಉಕ್ಕು ಸಿಗುತ್ತದೆ, 700 ಜನಕ್ಕೆ ಕೆಲಸ ಸಿಗುತ್ತದೆ, ಎರಡೂ ಕಡೆ ತೂಗಿ ನೋಡಬೇಕು ಎಂಬ ಮಾತಿತ್ತು. ಆಸ್ಬೆಸ್ಟಾಸಿನ ಹೆಚ್ಚು ಪಾಲು ಗೋಡೆ, ಚಾವಣಿಯ ಫಲಕಗಳ ರೂಪದಲ್ಲಿದೆ, ಅವನ್ನು ಮತ್ತೆ ಬಳಸಬಹುದು ಎಂಬ ಮಾತೂ ಇತ್ತು.

ಆಗ ನನಗೆ ಏನನ್ನಿಸಿತ್ತು ಅಂತ ಪ್ರಾಮಾಣಿಕವಾಗಿ ಹೇಳಬೇಕು. ಸರಿಯಾಗಿಯೇ ಹೇಳಿದ್ದಾರೆ ಅನ್ನಿಸಿತ್ತು. ಕೆಲಸ ಅಂದರೆ ಸುಮ್ಮನೆ ಅಲ್ಲ. ಅಪ್ಪನ ಬಾಯ್ಲರಿನ ಬೂದಿಯಲ್ಲಿ ನಾನು ಓದಿದವನು. ದೂರದಲ್ಲಿ ಕೂತು ಬೇಡ ಅನ್ನುವವರಿಗೆ ಏನು ಗೊತ್ತು ಅಂತ ಕ್ಯಾಂಟೀನಿನಲ್ಲಿ ವಾದ ಮಾಡಿದ್ದೆ.

2008ರ ಫೆಬ್ರವರಿಯ ಒಂದು ಭಾನುವಾರ, ಜೊತೆಯಲ್ಲಿ ಕೆಲಸ ಮಾಡುವ ಗುಜರಾತಿ ಗೆಳೆಯನ ಕಾರಿನಲ್ಲಿ ಅಲಂಗಿಗೆ ಹೋದೆವು. ಯಾರ್ಡಿನ ಒಳಗೆ ನಮ್ಮಂಥವರನ್ನು ಬಿಡುವುದಿಲ್ಲ. ನಾನು ಹಡಗಿನ ತುದಿಯನ್ನಾದರೂ ನೋಡಿದೆ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಇಲ್ಲ, ಗೇಟು, ಗೋಡೆ, ಅದರಾಚೆ ಸಾಲಾಗಿ ಹತ್ತಾರು ಹಡಗುಗಳ ಬೆನ್ನು, ಯಾವುದು ಯಾವುದೋ. ಅದಕ್ಕಿಂತ ಅಲ್ಲಿಗೆ ಹೋಗುವ ರಸ್ತೆಯ ಎರಡೂ ಕಡೆಯ ಅಂಗಡಿಗಳನ್ನು ನೋಡಬೇಕು ನೀವು! ಕಿಲೋಮೀಟರುಗಟ್ಟಲೆ. ಒಂದರಲ್ಲಿ ಬರೀ ಹಾಸಿಗೆ, ಒಂದರಲ್ಲಿ ಬರೀ ಕಮೋಡು, ಒಂದರಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಗುಡ್ಡ, ಪಿಂಗಾಣಿ, ಫ್ರಿಜ್ಜು, ವ್ಯಾಯಾಮದ ಸೈಕಲ್ಲು, ಇನ್ನೂ ಯಾರೋ ಓದಿ ಮಡಿಸಿಟ್ಟ ಗುರುತಿದ್ದ ರಷ್ಯನ್ ಪುಸ್ತಕಗಳು.

ಒಂದು ಅಂಗಡಿಯಲ್ಲಿ ಗೋಡೆಗೆ ಹಾಕುವ ಫಲಕಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಒಂದು ಮುಖ ನುಣುಪಾದ ತಿಳಿ ಹಳದಿ ಬಣ್ಣ. "ಫ್ರಾನ್ಸ್‌ವಾಲಾ ಜಹಾಜ್, ಬ್ಲೂ ಲೇಡಿ," ಅಂದ ಅಂಗಡಿಯವನು. ವಡೋದರದ ನನ್ನ ಬಾಡಿಗೆ ಮನೆಯ ಹಾಲ್ ಉದ್ದಕ್ಕಿತ್ತು, ಮಧ್ಯೆ ಒಂದು ಪಾರ್ಟಿಷನ್ ಹಾಕಿದರೆ ಅಪ್ಪ ಅಮ್ಮ ಬಂದಾಗ ಮಲಗಲು ಒಂದು ಕೋಣೆ ಆಗುತ್ತೆ ಅಂತ ಲೆಕ್ಕ. ಪ್ಲೈವುಡ್ಡಿಗಿಂತ ಎಷ್ಟೋ ಅಗ್ಗ. ನಾಲ್ಕು ಫಲಕಕ್ಕೆ ಚೌಕಾಸಿ ಮುಗಿದು, ಕಾರಿನ ಮೇಲೆ ಕಟ್ಟಲು ಹಗ್ಗ ಹುಡುಕುತ್ತಿದ್ದ. ಖುಷಿಗೆ ಅಪ್ಪನಿಗೆ ಫೋನ್ ಮಾಡಿದೆ. ಆ ಹಡಗಿನ ಗೋಡೆಯನ್ನೇ ಮನೆಗೆ ತರುತ್ತಿದ್ದೀನಿ, ನೀವು ಬಂದರೆ ಅದರ ಪಕ್ಕದಲ್ಲೇ ಮಲಗಬಹುದು ಅಂತ.

"ಅಂಚು ಎಂಗದೆ?" ಅಂದರು ಅಪ್ಪ.

"ಅಂಚಾ?"

"ಕುಯ್ದಿರೋ ಕಡೆ ನೋಡ್ಲಾ. ಮರದಂಗದೋ, ಸುಣ್ಣದಂಗದೋ?"

ನೋಡಿದೆ. ಸುಣ್ಣದ ಹಾಗಿತ್ತು. ಬೆರಳಿನಿಂದ ಉಜ್ಜಿದೆ. ಹತ್ತಿಯ ಎಳೆಗಿಂತ ಸಣ್ಣ, ಬೂದು ಬಣ್ಣದ ನಾರು ಬೆರಳಿಗೆ ಅಂಟಿತು. ಹಾಗಂತ ಹೇಳಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬ್ಯಾಡ ಮಗ. ಬುಟ್ಬುಟ್ಟು ಬಾ. ಕೈ ತೊಳ್ಕೊ ಮೊದ್ಲು. ಅಂಗಿ ಬಿಚ್ಚಿ ಒದರಬ್ಯಾಡ, ನೀರಾಗೇ ಅದ್ದು," ಅಂದರು.

ಅಪ್ಪನಿಗೆ ಅದು ಹೇಗೆ ಗೊತ್ತಾಯಿತು ಅಂದರೆ, ಕಾರ್ಖಾನೆಯಲ್ಲಿ ಆಫ್ ಸೀಸನ್ ಅಂದರೆ ರಿಪೇರಿ ಕಾಲ. ಸ್ಟೀಮ್ ಪೈಪಿನ ಮೇಲಿನ ಹಳೇ ಹೊದಿಕೆಯನ್ನು ಬರಿಗೈಯಲ್ಲಿ ಬಡಿದು ಕೀಳುತ್ತಿದ್ದರು. ಹೊಸ ಪುಡಿಯನ್ನು ಮೂಟೆಯಿಂದ ತೊಟ್ಟಿಗೆ ಸುರಿದು, ನೀರು ಹಾಕಿ, ಗಾರೆ ಕಲಸಿದ ಹಾಗೆ ಕಲಸಿ, ಕೈಯಲ್ಲೇ ಪೈಪಿಗೆ ಮೆತ್ತುತ್ತಿದ್ದರು. ಮೂಟೆ ಸುರಿಯುವಾಗ ಶೆಡ್ಡಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲವಂತೆ. ನಿಮಗೂ ಹೈಸ್ಕೂಲ್ ಲ್ಯಾಬಿನಲ್ಲಿ ಸ್ಪಿರಿಟ್ ದೀಪದ ಮೇಲೆ ಇಡುತ್ತಿದ್ದ ತಂತಿ ಬಲೆ, ಅದರ ನಡುವಿನ ಬಿಳಿ ವೃತ್ತ ನೆನಪಿರಬೇಕು. ಅದೇ ವಸ್ತು. ನಮ್ಮನೆಯಲ್ಲಿ ಅಪ್ಪ ತಂದ ಅದರದೇ ಬಟ್ಟೆಯ ತುಂಡೊಂದಿತ್ತು. ಅಮ್ಮ ಅದನ್ನು ಮಸಿಬಟ್ಟೆ ಮಾಡಿಕೊಂಡಿದ್ದರು. ಮುದ್ದೆಯ ಪಾತ್ರೆ ಇಳಿಸಲು ಅದಕ್ಕಿಂತ ಒಳ್ಳೇದಿಲ್ಲ, ಕೈ ಸುಡುವುದೇ ಇಲ್ಲ. ಎಷ್ಟೋ ವರ್ಷ ಬಾಳಿಕೆ ಬಂತು. ನಾನೂ ತಂಗಿಯೂ ಅದನ್ನು ಬಡಿದು ಧೂಳು ಹಾರಿಸಿ ಆಡಿದ್ದೀವಿ.

"ನಿಮಗೆ ಗೊತ್ತಿತ್ತಾ ಅದು ಕೆಟ್ಟದ್ದು ಅಂತ?" ಅಂತ ಫೋನಿನಲ್ಲೇ ಕೇಳಿದೆ. ಹಿಂದೆ ಅಂಗಡಿಯವನು ಹಗ್ಗ ಹಿಡಿದು ನಿಂತಿದ್ದ.

"ಆಗ ಗೊತ್ತಿರ್ಲಿಲ್ಲ. ಆಮ್ಯಾಲೆ ಗೊತ್ತಾಯ್ತು," ಅಂದರು. ಯಾವಾಗ, ಯಾರು ಹೇಳಿದರು, ಗೊತ್ತಾದ ಮೇಲೆ ಎಷ್ಟು ಸೀಸನ್ ಕೆಲಸ ಮಾಡಿದಿರಿ ಅಂತ ನಾನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಅಂಗಡಿಯವನು ಬೈದ. ನ್ಯಾಯವೇ, ಚೌಕಾಸಿ ಮುಗಿಸಿ ಬೇಡ ಅಂದರೆ ಯಾರು ಸುಮ್ಮನಿರುತ್ತಾರೆ? ಅವನ ಹುಡುಗ, ಹದಿನಾಲ್ಕು ಹದಿನೈದು ಇರಬಹುದು, ಫಲಕಗಳನ್ನು ಮತ್ತೆ ಒಳಗೆ ಹೊತ್ತು ಹಾಕಿದ, ಎದೆಗೆ ಅವುಚಿಕೊಂಡು. ನಾನು ಆ ಹುಡುಗನಿಗೆ ಏನೂ ಹೇಳಲಿಲ್ಲ. ನನ್ನ ಹಿಂದಿಯಲ್ಲಿ ಹೇಳಲು ಬರುತ್ತಿರಲಿಲ್ಲ ಅಂತ ಬಹಳ ದಿನ ಅಂದುಕೊಂಡೆ. ಅದು ಸುಳ್ಳು, ಚೌಕಾಸಿ ಮಾಡಲು ಬರುತ್ತಿತ್ತಲ್ಲ. ಮುಜುಗರಕ್ಕೆ ಏನಾದರೂ ಕೊಳ್ಳಲೇಬೇಕು ಅಂತ ನಲವತ್ತು ರೂಪಾಯಿ ಕೊಟ್ಟು ಆ ಕೊಕ್ಕೆ ತಗೊಂಡೆ. ದಾರಿಯಲ್ಲಿ ಒಂದು ಡಾಬಾದಲ್ಲಿ ಇಳಿದು ಮೊಣಕೈವರೆಗೆ ಕೈ ತೊಳೆದೆ. ಗೆಳೆಯ, "ನಾವು ಪಾರಾದೆವು, ಆದರೆ ಫಲಕ ಇವತ್ತಲ್ಲ ನಾಳೆ ಯಾರೋ ತಗೊಂಡು ಹೋಗ್ತಾರೆ," ಅಂದ. ಕಾರಿನಲ್ಲಿ ಆಮೇಲೆ ಜಾಸ್ತಿ ಮಾತಾಡಲಿಲ್ಲ.

ಕ್ಯಾಂಟೀನಿನ ನನ್ನ ವಾದ ಅಲ್ಲಿಗೆ ಮುಗಿಯಿತು ಅಂತಲೂ ಅಲ್ಲ. ಏಳುನೂರು ಜನರ ಕೆಲಸ ಸುಳ್ಳಲ್ಲ. ಆದರೆ ಫ್ರಾನ್ಸ್ ತನ್ನ ನೆಲದಲ್ಲಿ ಆಸ್ಬೆಸ್ಟಾಸನ್ನು 1997ರಲ್ಲೇ ನಿಷೇಧಿಸಿತ್ತು. ಅಲ್ಲಿ ಕೀಳುವುದಾದರೆ ಬಾಹ್ಯಾಕಾಶಕ್ಕೆ ಹೋಗುವವರ ಹಾಗೆ ಬಟ್ಟೆ ಹಾಕಿ, ಕೋಣೆ ಮುಚ್ಚಿ, ಗಾಳಿ ಸೋಸಿ ಕೀಳಬೇಕು. ಅದಕ್ಕೆ ತಗಲುವ ದುಡ್ಡು ಉಳಿಸಿದ್ದರಿಂದಲೇ ತಾನೇ ಇಲ್ಲಿ ಅಷ್ಟು ಬೆಲೆಗೆ ಹಡಗು ಬಂದದ್ದು? ತಕ್ಕಡಿಯ ಒಂದು ಕಡೆ ಉಕ್ಕಿನ ಟನ್ನು ಇಟ್ಟರು, ಕೂಲಿಯವರ ಲೆಕ್ಕ ಇಟ್ಟರು. ಮೂವತ್ತು ವರ್ಷ ಆದಮೇಲೆ ಬರುವ ಕೆಮ್ಮನ್ನು ಇಡುವುದು ಹೇಗೆ? ಆಮೇಲೆ 2019ರಲ್ಲಿ ಹಡಗು ಒಡೆಯುವುದಕ್ಕೇ ಒಂದು ಕಾಯ್ದೆ ಬಂದಿದೆ, ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್‌ನಿಂದ ಜಾರಿಗೆ ಬಂದಿದೆ. ಹಡಗಿನಲ್ಲಿ ಏನೇನು ವಿಷ ಎಲ್ಲೆಲ್ಲಿದೆ ಅಂತ ಪಟ್ಟಿ ಇರಲೇಬೇಕು ಈಗ. ಒಳ್ಳೇದೇ. ಪಟ್ಟಿ ಇದ್ದ ಮೇಲೆ ಆ ಹುಡುಗನ ಕೈಗೆ ಬರಬಾರದು.

ಅಪ್ಪ ಅಮ್ಮ ವಡೋದರಕ್ಕೆ ಬಂದರು, ಪಾರ್ಟಿಷನ್ ಇಲ್ಲದ ಹಾಲಿನಲ್ಲೇ ಹದಿನೈದು ದಿನ ಮಲಗಿದರು. ಕೊಕ್ಕೆಗೆ ಅಪ್ಪ ತಮ್ಮ ಅಂಗಿ ನೇತುಹಾಕುತ್ತಿದ್ದರು. ಅದನ್ನು ತಿರುಗಿಸಿ ನೋಡಿ, ಎರಕ ಚೆನ್ನಾಗಿದೆ ಅಂದಿದ್ದರು. 2012ರಿಂದ ಅವರಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು, "ಬೀಡಿ ಸೇದ್ತಿದ್ರಾ?" ಅಂತ ಕೇಳಿದರು. ಸೇದುತ್ತಿದ್ದರು. ಡಾಕ್ಟರು ಅದನ್ನು ಬರೆದುಕೊಂಡರು. ಎಲ್ಲಿ ಕೆಲಸ ಮಾಡುತ್ತಿದ್ದಿರಿ ಅಂತ ಕೇಳಲಿಲ್ಲ. ನಾನು ಹೇಳಲು ಹೋದೆ, ಅಪ್ಪ ಕೈ ಅಡ್ಡ ಹಿಡಿದರು. ಯಾಕೋ ಗೊತ್ತಿಲ್ಲ. ಸರ್ಟಿಫಿಕೇಟಿಗೆ ಕೆಟ್ಟ ಹೆಸರು ಬರುತ್ತೆ ಅಂತಲೋ ಏನೋ. 2014ರಲ್ಲಿ ಹೋದರು. ಅಮ್ಮ ಚೆನ್ನಾಗಿದ್ದಾರೆ, ತಂಗಿಯ ಮನೆಯಲ್ಲಿದ್ದಾರೆ. ವರ್ಷಕ್ಕೊಂದು ಸಲ ಎದೆಯ ಎಕ್ಸ್‌ರೇ ತೆಗೆಸುತ್ತೇವೆ, ಮೂವರೂ.

ಆ ಹಡಗಿನ ಮೂಗಿನ ತುದಿಯೊಂದು ಉಳಿದಿದೆ. ಅಲಂಗಿನಲ್ಲಿ ಒಡೆಯುವಾಗ ಅದನ್ನು ಮಾತ್ರ ಕುಯ್ದು ಫ್ರಾನ್ಸಿಗೆ ಸಾ‌ಗಿಸಿದರು. 2009ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾಗಿ ಎರಡೂವರೆ ಲಕ್ಷ ಯೂರೋ ದಾಟಿ ಹೋಯಿತು. ಅಲ್ಲಿ ಇಲ್ಲಿ ತಿರುಗಿ, 2018ರಲ್ಲಿ ಲ ಹಾವ್ರ್ ಬಂದರಿಗೆ ವಾಪಸ್ ಬಂದು ನಿಂತಿದೆ. ಫೋಟೋ ನೋಡಿದೆ, ಬಣ್ಣ ಹೊಡೆದು ಚೆನ್ನಾಗಿಟ್ಟಿದ್ದಾರೆ.

ಕೊಕ್ಕೆ ಇನ್ನೂ ಹೊಡೆದಿಲ್ಲ. ಹೊಸ ಮನೆಯಲ್ಲಿ ಎಲ್ಲ ಕಡೆ ಟೈಲ್ಸು, ಡ್ರಿಲ್ ಮಾಡಿದರೆ ಒಡೆಯುತ್ತೆ ಅಂತ ಓನರ್ ತಕರಾರು. ಸದ್ಯಕ್ಕೆ ಕಂಪ್ಯೂಟರ್ ಪಕ್ಕದಲ್ಲೇ ಇದೆ, ಅಪ್ಪನ ಸರ್ಟಿಫಿಕೇಟಿನ ಫ್ರೇಮಿಗೆ ಆನಿಸಿ ಇಟ್ಟಿದ್ದೀನಿ. ಆ ಫ್ರೇಮಿಗೂ ಇನ್ನೂ ಮೊಳೆ ಸಿಕ್ಕಿಲ್ಲ.